ಅಸ್ತ್ರ ಒಲೆಯ ಹೊಗೆ ಚಿಮಣಿಗೆ ಹೋಗದೆ ಅಡುಗೆಮನೆ ತುಂಬುತ್ತಿದೆ, ಏಕೆ?

ಮೊದಲು ಪಾತ್ರೆ ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಈ ಸೌದೆ ಒಲೆಗೆ 3 ಬಾಯಿ. ಮೂರರ ಮೇಲೂ ಸಂದಿಯಿಲ್ಲದಂತೆ ಪಾತ್ರೆ ಕೂತಿರಬೇಕು. ಒಂದು ತೆರೆದಿದ್ದರೂ ತಣ್ಣನೆಯ ಗಾಳಿ ನುಗ್ಗಿ ಚಿಮಣಿ ಎಳೆಯುವುದು ಕಡಿಮೆಯಾಗುತ್ತದೆ. ಮೂರನೆಯದಕ್ಕೆ ಅಡುಗೆ ಇಲ್ಲವೇ? ನೀರಿನ ತಪ್ಪಲೆ ಇಡಿ.

ಪಾತ್ರೆ ಸರಿಯಿದ್ದರೆ ತಪ್ಪು ಮಸಿಯದು. ಒಲೆ ಪೂರ್ತಿ ಆರಿದ ಮೇಲೆ, ಹಗ್ಗಕ್ಕೆ ಗೋಣಿಚೀಲದ ಉಂಡೆ ಕಟ್ಟಿ ಕೊಳವೆಯೊಳಗೆ ಮೇಲಿಂದ ಇಳಿಬಿಟ್ಟು ಎಳೆದಾಡಿ. ಹಸಿ ಸೌದೆ ಉರಿಸುವವರಿಗೆ ಇದು ತಿಂಗಳಿಗೊಮ್ಮೆಯಾದರೂ ಬೇಕು. ಕೊನೆಯ ಬಾಯಿಯಿಂದ ಚಿಮಣಿಗೆ ಹೋಗುವ ಕಂಡಿಯನ್ನು ಬಹಳ ಜನ ಮರೆಯುತ್ತಾರೆ. ಮಸಿ ಕಟ್ಟಿಕೊಳ್ಳುವುದು ಅಲ್ಲೇ. ಜಾಲರಿ ಕೆಳಗಿನ ಬೂದಿ ದಿನಾ ತೆಗೆಯಿರಿ.

ಕೊಳವೆಯ ತುದಿ ಛಾವಣಿಗಿಂತ ಕನಿಷ್ಠ 2 ಅಡಿ ಮೇಲಿರಲಿ. ಗಿಡ್ಡವಿದ್ದರೆ ಬೀಸುಗಾಳಿ ಹೊಗೆಯನ್ನು ಕೆಳಕ್ಕೇ ತಳ್ಳುತ್ತದೆ.