ಹೆಪಟೈಟಿಸ್ ಸಿ ಮರುಕಳಿಸಿದರೆ

ಪ್ರಶ್ನೆ: ನನಗೆ ಎಚ್‌ಐವಿ ಇದೆ. ಕೆಲವು ವರ್ಷಗಳ ಹಿಂದೆ ಹೆಪಟೈಟಿಸ್ ಸಿಗೆ ಸೋಫೋಸ್‌ಬುವಿರ್ 400, ಡಕ್ಲಾಟಾಸ್ವಿರ್ 60 ಮಿ.ಗ್ರಾಂ ಮಾತ್ರೆ 12 ವಾರ ತಗೊಂಡೆ. ಆಗ ಎಚ್‌ಐವಿಗೆ ಎಫಾವಿರೆಂಜ್ ಇರುವ ಎಆರ್‌ಟಿ ಮಾತ್ರೆ ನಡೆಯುತ್ತಿತ್ತು, ಈಗ ಟಿಎಲ್‌ಡಿ (ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಮಾತ್ರೆ). ಕೋರ್ಸ್ ಮುಗಿದಾಗ ವೈರಸ್ ಇಲ್ಲವೆಂದರು, ಮೂರು ತಿಂಗಳಲ್ಲೇ ಮತ್ತೆ ಕಾಣಿಸಿತು. ಎಚ್‌ಐವಿ ಇದ್ದವರಿಗೆ ಈ ಮದ್ದು ನಾಟುವುದಿಲ್ಲವೇ? ಮುಂದೇನು?
– ಹೆಸರು ಬೇಡ

ಉತ್ತರ: ನಾಟುತ್ತದೆ, ಹೆಚ್ಚುಕಡಿಮೆ ಬೇರೆಯವರಿಗೆ ನಾಟಿದಷ್ಟೇ. ನಿಮ್ಮ ಪತ್ರದಲ್ಲಿ ಅನುಮಾನ ಹುಟ್ಟಿಸುವುದು ಆ 60. ಎಫಾವಿರೆಂಜ್ ಲಿವರ್‌ನ ಕಿಣ್ವಗಳನ್ನು ಚುರುಕುಗೊಳಿಸಿ ಡಕ್ಲಾಟಾಸ್ವಿರನ್ನು ಬೇಗ ಖಾಲಿ ಮಾಡುತ್ತದೆ; ಎರಡೂ ಜೊತೆಗಿದ್ದರೆ 90 ಮಿ.ಗ್ರಾಂ ಬೇಕು. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು) ಇದ್ದೂ 12 ವಾರಕ್ಕೇ ನಿಲ್ಲಿಸಿದ್ದರೂ ವೈರಸ್ ಮರಳಬಹುದು. ಹಳೆಯ ಚೀಟಿಗಳನ್ನು ತಪ್ಪದೆ ಒಯ್ಯಿರಿ.

ಆ್ಯಂಟಿಬಾಡಿ ಪರೀಕ್ಷೆ ವಾಸಿಯಾದ ಮೇಲೂ ಪಾಸಿಟಿವ್ ಬರುವುದರಿಂದ ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆಯೇ ಆಗಬೇಕು. ಜೊತೆಗೆ ಜೀನೋಟೈಪ್ (ವೈರಸ್ಸಿನ ತಳಿ), ಪ್ಲೇಟ್‌ಲೆಟ್, ಕಿಡ್ನಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಹೆಪಟೈಟಿಸ್ ಬಿ, ಸಾಧ್ಯವಾದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್. ಜೀನೋಟೈಪ್ ಬದಲಾಗಿದ್ದರೆ ಅದು ಹೊಸ ಸೋಂಕು. ಆಗ ಮೊದಲ ಬಾರಿಯ ಚಿಕಿತ್ಸೆಯೇ ಸಾಮಾನ್ಯವಾಗಿ ಸಾಕು.

ಹಳೆಯ ಸೋಂಕೇ ಮರಳಿದ್ದರೆ, ಸಿಗುವ ಕಡೆ ಸೋಫೋಸ್‌ಬುವಿರ್, ವೆಲ್ಪಟಾಸ್ವಿರ್, ವಾಕ್ಸಿಲಪ್ರೆವಿರ್ ಮೂರೂ ಸೇರಿದ ಮಾತ್ರೆ 12 ವಾರ. ಹೊಟ್ಟೆಯಲ್ಲಿ ನೀರು ತುಂಬುವಷ್ಟು ಲಿವರ್ ಕೆಟ್ಟವರಿಗೆ ಇದು ಕೂಡದು. ಇನ್ನೊಂದು ದಾರಿ, ಸೋಫೋಸ್‌ಬುವಿರ್ 400 ಮತ್ತು ವೆಲ್ಪಟಾಸ್ವಿರ್ 100 ಜೊತೆ ರಿಬಾವಿರಿನ್, 24 ವಾರ. ತೂಕ 75 ಕೆ.ಜಿ.ಗಿಂತ ಕಡಿಮೆಯಿದ್ದರೆ ರಿಬಾವಿರಿನ್ ಸಾಮಾನ್ಯವಾಗಿ ದಿನಕ್ಕೆ 1000 ಮಿ.ಗ್ರಾಂ, ಹೆಚ್ಚಿದ್ದರೆ 1200. ಎರಡು ಹೊತ್ತಿಗೆ ಹಂಚಿ ಊಟದ ಜೊತೆ.

ಕಾಡುವುದು ರಿಬಾವಿರಿನ್ನೇ. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಹಾಗಾಗಿ 2ನೇ, 4ನೇ ವಾರ ಹಿಮೋಗ್ಲೋಬಿನ್ ನೋಡಿಸಲೇಬೇಕು. ಇದು ಕಬ್ಬಿಣದ ಕೊರತೆಯಲ್ಲ. ಅಂಗಡಿಯಿಂದ ಐರನ್ ಮಾತ್ರೆ ತಂದು ನುಂಗಿದರೆ ಡೊಲುಟೆಗ್ರಾವಿರ್ ಹೀರಿಕೆಗೇ ಅಡ್ಡಿಯಾಗಬಹುದು. ಎಚ್‌ಐವಿಯ ಜಿಡೋವುಡಿನ್ ಕೂಡ ರಕ್ತ ಕಡಿಮೆ ಮಾಡುವುದರಿಂದ, ಅದನ್ನು ತೆಗೆದುಕೊಳ್ಳುವವರು ಮೊದಲೇ ಬದಲಿಸಿಕೊಳ್ಳಬೇಕು. ಔಷಧ ನಡೆಯುವಾಗ ಮತ್ತು ಮುಗಿದ ಮೇಲೆ ಕನಿಷ್ಠ 6 ತಿಂಗಳು ಗರ್ಭ ನಿಲ್ಲಬಾರದು, ಮಾತ್ರೆ ನುಂಗುವವರು ಗಂಡಸರಾದರೂ ಸರಿ.

ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯ ಆಮ್ಲ ಬೇಕು. ಆದ್ದರಿಂದ ಗ್ಯಾಸ್ಟ್ರಿಕ್ಕಿಗೆಂದು ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ; ಬಹಳ ಜನ ಅದನ್ನು ಔಷಧವೆಂದೇ ಲೆಕ್ಕಕ್ಕಿಡುವುದಿಲ್ಲ. ಎಫಾವಿರೆಂಜ್ ಮತ್ತು ಟಿಬಿಯ ರಿಫಾಂಪಿಸಿನ್ ವೆಲ್ಪಟಾಸ್ವಿರ್ ಜೊತೆ ಸಲ್ಲವು. ನಿಮ್ಮ ಟಿಎಲ್‌ಡಿ ಹೊಂದುತ್ತದೆ, ಆದರೆ ಟೆನೊಫೊವಿರ್ ಮಟ್ಟ ಏರುವುದರಿಂದ ಕ್ರಿಯಾಟಿನಿನ್ ಮೇಲೆ ಕಣ್ಣಿರಲಿ. ಟಿಎಲ್‌ಡಿ ನಿಲ್ಲಿಸಬೇಡಿ, ಹೆಪಟೈಟಿಸ್ ಬಿಯೂ ಇದ್ದರೆ ಅದನ್ನು ಅದುಮಿಟ್ಟಿರುವುದು ಅದೇ.

2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ನಿಮ್ಮಂಥ ಪ್ರಕರಣಕ್ಕೆ ಅದರ ಮಾದರಿ ಚಿಕಿತ್ಸಾ ಕೇಂದ್ರ ಬೇಕು; ಎಆರ್‌ಟಿ ಕೇಂದ್ರದಲ್ಲೇ ಶಿಫಾರಸು ಪತ್ರ ಕೇಳಿ. ಕೊನೆಯ ಮಾತ್ರೆಯಾಗಿ 12 ವಾರದ ನಂತರದ ಆರ್‌ಎನ್‌ಎ ಪರೀಕ್ಷೆಯಲ್ಲಿ ವೈರಸ್ ಇಲ್ಲದಿದ್ದರೆ ಮಾತ್ರ ವಾಸಿಯಾದಂತೆ. ಸಿರೋಸಿಸ್ ಇದ್ದರೆ ಆಮೇಲೂ 6 ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು.