ಸೇಂಟ್ ಹೆಲೆನಾದಲ್ಲಿ ಒಂದೇ ಹಗಲು ಸಿಕ್ಕರೆ ಹಾಯಿದೋಣಿಯವರು ಏನು ನೋಡಬಹುದು?

ಪ್ರಶ್ನೆ: ಮಂಡ್ಯದವನು. ಕೇಪ್‌ಟೌನಿನಿಂದ ಬ್ರೆಜಿಲ್‌ಗೆ ಹೋಗುವ ಹಾಯಿದೋಣಿಯಲ್ಲಿ ಐದು ಜನ ಸಿಬ್ಬಂದಿ ಇದ್ದೇವೆ. ನಡುವೆ ಸೇಂಟ್ ಹೆಲೆನಾದಲ್ಲಿ ಒಂದು ಹಗಲು ಇಳಿಯಬಹುದು ಅಂತ ಸ್ಕಿಪ್ಪರ್ ಹೇಳಿದ್ದಾರೆ. ಜ್ವಾಲಾಮುಖಿ ದ್ವೀಪವಂತೆ, ಲಾವಾ ಕಾಣುತ್ತಾ? ದಿನ ಹೇಗೆ ಹೊಂದಿಸಲಿ?

ಲಾವಾ ಕಾಣಲ್ಲ. ಅಲ್ಲಿನ ಬೆಂಕಿ ಆರಿ ಸುಮಾರು 70 ಲಕ್ಷ ವರ್ಷ ಆಗಿದೆ. ಹೊಗೆಯೂ ಇಲ್ಲ, ಬಿಸಿನೀರಿನ ಬುಗ್ಗೆಯೂ ಇಲ್ಲ. ಆದರೆ ಮಳೆ ಮತ್ತು ಸಮುದ್ರ ಸೇರಿ ಆ ಬೆಟ್ಟವನ್ನು ಎಷ್ಟು ಕಡೆ ಕೊರೆದಿವೆ ಅಂದರೆ, ಉರಿಯುವ ಜ್ವಾಲಾಮುಖಿಯಲ್ಲಿ ಕಾಣದ ಒಳಭಾಗ ಇಲ್ಲಿ ರಸ್ತೆಯಲ್ಲೇ ನಿಂತು ಕಾಣುತ್ತದೆ. ಒಂದು ದಿನಕ್ಕೆ ನನ್ನ ಸಲಹೆ ಇಷ್ಟೇ: ಬೆಳಿಗ್ಗೆ ಗಾಡಿಯಲ್ಲಿ ಮೇಲಕ್ಕೆ ಹೋಗಿ, ನೋಡುತ್ತಾ ಕೆಳಗಿಳಿಯಿರಿ. ಉಲ್ಟಾ ಮಾಡಿದರೆ ಮಧ್ಯಾಹ್ನಕ್ಕೇ ಕಾಲು ಕೈಕೊಡುತ್ತದೆ.

ಮೊದಲು ದಡ ಹತ್ತುವ ವಿಷಯ, ಯಾಕೆಂದರೆ ಏಟು ಬೀಳುವುದು ಅಲ್ಲೇ. ನೀವು ಲಂಗರು ಹಾಕುವ ಜೇಮ್ಸ್ ಬೇ ಮುಚ್ಚಿದ ಬಂದರಲ್ಲ, ತೆರೆದ ಕೊಲ್ಲಿ. ಗಾಳಿ ಆಗ್ನೇಯದಿಂದ, ಕೊಲ್ಲಿ ವಾಯವ್ಯಕ್ಕೆ. ಹಾಗಾಗಿ ಗಾಳಿಗೆ ದ್ವೀಪವೇ ಅಡ್ಡ ನಿಲ್ಲುತ್ತದೆ, ಅಲೆಗೆ ಅಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರ ಅಟ್ಲಾಂಟಿಕ್‌ನ ಚಳಿಗಾಲದ ಬಿರುಗಾಳಿ ಎಬ್ಬಿಸಿದ ಉದ್ದ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಇಲ್ಲಿಗೆ ಬಂದು ಅಪ್ಪಳಿಸುತ್ತವೆ. ಸ್ಥಳೀಯರು ಅದಕ್ಕೆ ರೋಲರ್ಸ್ ಅನ್ನುತ್ತಾರೆ. 1846ರ ಫೆಬ್ರುವರಿಯಲ್ಲಿ ಇದೇ ಕೊಲ್ಲಿಯಲ್ಲಿ ಲಂಗರು ಹಾಕಿದ್ದ 13 ಹಡಗುಗಳನ್ನು ಅವು ಮುಗಿಸಿದವು. ಗಾಳಿ ಇಲ್ಲ, ಆಕಾಶ ತಿಳಿಯಾಗಿದೆ ಅಂತ ಎಲ್ಲರೂ ಇಳಿದುಬಿಡಬೇಡಿ. ಐವರಲ್ಲಿ ಒಬ್ಬರಾದರೂ ದೋಣಿಯಲ್ಲೇ ಇರಲಿ, ವಿಎಚ್ಎಫ್ ರೇಡಿಯೊ ಆನ್ ಇರಲಿ, ಮಧ್ಯಾಹ್ನ ಪಾಳಿ ಬದಲಾಗಲಿ.

ನಿಮ್ಮ ರಬ್ಬರ್ ದೋಣಿಯನ್ನು ಮೆಟ್ಟಿಲ ಬಳಿ ಕಟ್ಟಬೇಡಿ, ಅಲೆ ಅದನ್ನು ಕಲ್ಲಿಗೆ ಜಜ್ಜುತ್ತದೆ. ಅಲ್ಲಿನ ಫೆರಿ ದೋಣಿಯನ್ನೇ ಕರೆಯಿರಿ. ಇಳಿಯುವ ಕಟ್ಟೆಯ ಮೇಲೆ ಅಡ್ಡಕಂಬಿಯಿಂದ ಹಗ್ಗಗಳು ಜೋತಾಡುತ್ತಿರುತ್ತವೆ. ಬ್ಯಾಗ್ ಮೊದಲು ದಡಕ್ಕೆ ಕೊಡಿ, ಎರಡೂ ಕೈ ಖಾಲಿ ಇರಲಿ. ಹಗ್ಗ ಹಿಡಿದು, ದೋಣಿ ಅಲೆಯ ನೆತ್ತಿಗೆ ಏರಿ ಅರೆಗಳಿಗೆ ನಿಂತಾಗ ಹೆಜ್ಜೆ ಇಡಿ, ಹಾರಬೇಡಿ. ದೋಣಿ ಇಳಿಯಲು ಶುರುವಾದ ಮೇಲೆ ಕಾಲು ಎತ್ತಿದವರ ಮೊಣಕಾಲು ಕಟ್ಟೆಯ ಅಂಚಿಗೆ ಬಡಿಯುತ್ತದೆ. ಪಾಚಿ ಕಟ್ಟಿದ ಕಲ್ಲು, ಚಪ್ಪಲಿ ಬೇಡ. ಕೊನೆಯ ಫೆರಿ ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕೇಳಿಕೊಳ್ಳಿ. ಅಲ್ಲಿ ತಂಗುವ ಅವಧಿಯ ವೈದ್ಯಕೀಯ ವಿಮೆಯ ಪ್ರತಿ ಕೈಯಲ್ಲಿರಲಿ, ಕೇಳುತ್ತಾರೆ. ಹಣ್ಣು, ತರಕಾರಿ, ಜೇನುತುಪ್ಪ ದಡಕ್ಕೆ ಒಯ್ಯುವಂತಿಲ್ಲ. ಜೇಬಿನ ಕಿತ್ತಳೆಯೂ ಲೆಕ್ಕಕ್ಕೆ ಬರುತ್ತದೆ.

ಕೇಪ್‌ಟೌನಿನಿಂದ ಅಲ್ಲಿಗೆ ಸುಮಾರು 1,700 ನಾಟಿಕಲ್ ಮೈಲಿ, ಎರಡು ವಾರದ ಆಸುಪಾಸು. ಅಷ್ಟು ದಿನ ನೀವು ನಡೆದಿರುವುದು ಡೆಕ್ಕಿನ ಹತ್ತು ಹೆಜ್ಜೆ ಮಾತ್ರ. ಮೀನಖಂಡ ಸಡಿಲವಾಗಿರುತ್ತದೆ, ಒದ್ದೆಯಲ್ಲಿ ನೆಂದ ಪಾದ ಮೆತ್ತಗಾಗಿರುತ್ತದೆ, ನೆಲವೇ ತೂಗುತ್ತಿದೆ ಅನ್ನಿಸುತ್ತದೆ. ಮೊದಲ ಅರ್ಧ ಗಂಟೆ ಊರಲ್ಲೇ ಸಮತಟ್ಟಿನಲ್ಲಿ ಓಡಾಡಿ. ಕಾಲುಚೀಲ ಒಣಗಿದ್ದೇ ಹಾಕಿ. ಒದ್ದೆಯಾದ ಪಾದಕ್ಕೆ ಬೊಬ್ಬೆ ಬೇಗ ಏಳುತ್ತದೆ.

ಈ ಕಾರಣಕ್ಕೇ ಊರಿನಿಂದ ನೇರ ಮೇಲಕ್ಕೆ ಹೋಗುವ ಮೆಟ್ಟಿಲ ಸಾಲು, ಜೇಕಬ್ಸ್ ಲ್ಯಾಡರ್ ಅನ್ನು ಬೆಳಿಗ್ಗೆಯೇ ಹತ್ತಬೇಡಿ ಅನ್ನುವುದು. 699 ಮೆಟ್ಟಿಲು ಕೇಳಿ ಮೈಸೂರು ಕಡೆಯವರು ನಗುತ್ತಾರೆ, ಚಾಮುಂಡಿ ಬೆಟ್ಟದಲ್ಲಿ ಸಾವಿರ ಹತ್ತಿದವರು ತಾನೇ. ಆದರೆ ಅಲ್ಲಿ ಏರು ಬಿಟ್ಟುಬಿಟ್ಟು ಬರುತ್ತದೆ, ನೆರಳಿದೆ, ನಂದಿ ಹತ್ತಿರ ಕೂರಬಹುದು. ಇದು ಸುಮಾರು 40 ಡಿಗ್ರಿ ಕೋನದಲ್ಲಿ ಒಂದೇ ನೇರಕ್ಕೆ 183 ಮೀಟರ್. 1829ರಲ್ಲಿ ಸಾಮಾನು ಎಳೆಯಲು ಮಾಡಿದ ಇಳಿಜಾರು ಹಳಿಯ ಜಾಡು ಅದು. ಮೆಟ್ಟಿಲು ಒಂದೊಂದೂ ಸರಾಸರಿ 26 ಸೆಂಟಿಮೀಟರ್. ಮನೆ ಮೆಟ್ಟಿಲು 17ರ ಸುತ್ತಮುತ್ತ ಇರುತ್ತದೆ. ಸಂಜೆಗೆ ಇಟ್ಟುಕೊಳ್ಳಿ, ಹತ್ತುವುದಕ್ಕೆ ಮಾತ್ರ. ಸುಸ್ತಾದ ತೊಡೆಯಲ್ಲಿ ಇಳಿಯುವಾಗಲೇ ಕಾಲು ನಡುಗಿ ಜಾರುವುದು. ಮೇಲಿಂದ ಗಾಡಿಯಲ್ಲಿ ವಾಪಸ್ ಬನ್ನಿ.

ಇನ್ನು ಜ್ವಾಲಾಮುಖಿ. ನೀವು ಇಳಿಯುವ ಊರು ಜೇಮ್ಸ್‌ಟೌನ್ ಇರುವುದೇ ಒಂದು ಕಿರಿದಾದ ಸೀಳು ಕಣಿವೆಯಲ್ಲಿ. ಪಕ್ಕದ ಗೋಡೆ ನೋಡಿ: ಕಪ್ಪು ಬಸಾಲ್ಟ್ ಪಟ್ಟಿ, ಅದರ ಮೇಲೆ ಇಟ್ಟಿಗೆ ಕೆಂಪಿನ ತೆಳು ಪಟ್ಟಿ, ಮತ್ತೆ ಕಪ್ಪು. ಪ್ರತಿ ಕಪ್ಪು ಪಟ್ಟಿ ಒಂದೊಂದು ಲಾವಾ ಹರಿವು. ಕೆಂಪಿರುವುದು ಎರಡು ಹರಿವಿನ ನಡುವೆ ಬಿದ್ದ ಬೂದಿ, ಮಣ್ಣು. ಮುಂದಿನ ಲಾವಾ ಅದನ್ನು ಮೇಲಿಂದ ಸುಟ್ಟಿದೆ. ಪದರಗಳನ್ನು ಅಡ್ಡ ಸೀಳಿ ಲಂಬವಾಗಿ ನಿಂತ ಗೋಡೆಯಂಥ ಕಲ್ಲು ಕಂಡರೆ ಅದು ಡೈಕ್, ಅಂದರೆ ಬಿರುಕಿನಲ್ಲಿ ಮೇಲೇರುತ್ತಿದ್ದ ಲಾವಾ ಅಲ್ಲೇ ಗಟ್ಟಿಯಾದದ್ದು. ಬಿದ್ದ ಕಲ್ಲೊಂದನ್ನು ಕೈಗೆತ್ತಿಕೊಂಡರೆ ಗುಳಿಗುಳಿ ಕಾಣುತ್ತದೆ, ಅನಿಲದ ಗುಳ್ಳೆಗಳ ಗುರುತು. ಕೆಲವು ಗುಳಿಯಲ್ಲಿ ಬಿಳಿ ಖನಿಜ ತುಂಬಿರುತ್ತದೆ.

ನಮ್ಮ ಕಡೆಯವರು ಮೋಸ ಹೋಗುವುದು ಈ ಕಲ್ಲಿನಲ್ಲೇ. ಚಾಮುಂಡಿ ಬೆಟ್ಟದ ಗ್ರಾನೈಟ್‌ಗೆ ಸುಮಾರು 80 ಕೋಟಿ ವರ್ಷ, ಅಂಚು ಹಿಡಿದು ತೂಗಿದರೂ ಅಲುಗಲ್ಲ. ಇಲ್ಲಿನ ಕಲ್ಲಿಗೆ ಹೆಚ್ಚೆಂದರೆ ಒಂದೂವರೆ ಕೋಟಿ ವರ್ಷ, ಆದರೂ ಬೂದಿ ಪದರದ ಮೇಲೆ ಕೂತು, ಗುಳ್ಳೆಗಳಲ್ಲಿ ನೀರು ಹೊಕ್ಕು, ಒಳಗೇ ಕೊಳೆತಿರುತ್ತದೆ. ಕೈಗೆ ಆಧಾರ ಅಂತ ಹಿಡಿದದ್ದೇ ಕಿತ್ತು ಬರುತ್ತದೆ. ಒಣ ಇಳಿಜಾರಿನಲ್ಲಿ ಸಣ್ಣ ಜಲ್ಲಿ ಕಾಲಡಿ ಉರುಳುತ್ತದೆ. ಹಿಮ್ಮಡಿ ಒತ್ತಿ, ಗಿಡ್ಡ ಹೆಜ್ಜೆ ಇಡಿ. ಬಂಡೆಯ ಗೋಡೆಗೆ ಒರಗಿ ಊಟಕ್ಕೆ ಕೂರಲೇಬೇಡಿ.

ಮೇಲೆ ಡಯಾನಾಸ್ ಪೀಕ್, 820 ಮೀಟರ್ ಆಸುಪಾಸು. ಕೆಳಗೆ ಬರಡು, ಮೇಲೆ ಮೋಡದಲ್ಲಿ ತೊಯ್ದ ಮರಜರೀಗಿಡಗಳ ಕಾಡು. ರಸ್ತೆಯಿಂದ ಹತ್ತಿಳಿಯಲು ಎರಡು ಮೂರು ಗಂಟೆ ಇಟ್ಟುಕೊಳ್ಳಿ. ದಾರಿ ಜೇಡಿ, ಜಾರುತ್ತದೆ. ಊರಲ್ಲಿ ಸೆಕೆ ಇದ್ದರೂ ಇಲ್ಲಿ ಚಳಿ, ಮಳೆಜಾಕೆಟ್ ಬೇಕು. ಹತ್ತುವ ಮೊದಲು ಬೂಟಿನ ತಳ ಬ್ರಷ್‌ನಿಂದ ಉಜ್ಜಿ. ಬೇರೆಲ್ಲೂ ಇಲ್ಲದ ಗಿಡಗಳು ಅಲ್ಲಿವೆ, ಮಣ್ಣಿನ ಜೊತೆ ರೋಗ ಹೋಗಬಾರದು.

ನೆಪೋಲಿಯನ್ ಸತ್ತ ಲಾಂಗ್‌ವುಡ್ ಮನೆಗೆ ಸಮಯ ಮೊದಲೇ ಗೊತ್ತುಮಾಡಿಕೊಂಡರೆ ಮಾತ್ರ ಹೋಗಿ. ಮಂಡ್ಯದವರಿಗೆ ನಾನು ಹೇಳುವುದು ದಿ ಬ್ರಯರ್ಸ್ ಎಂಬ ಮನೆ ನೋಡಿ ಅಂತ, ಊರಿಗೆ ಹತ್ತಿರ ಕೂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ (ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು), 1805ರಲ್ಲಿ ಇಂಗ್ಲೆಂಡಿಗೆ ಮರಳುವಾಗ ತಂಗಿದ್ದು ಇಲ್ಲಿ. ಹತ್ತು ವರ್ಷದ ನಂತರ ಅದೇ ಜಾಗಕ್ಕೆ ಬಂದ ಕೈದಿ, ಟಿಪ್ಪುವಿಗೆ ಕೈರೋದಿಂದ ಕಾಗದ ಬರೆದಿದ್ದ ನೆಪೋಲಿಯನ್; ಲಾಂಗ್‌ವುಡ್ ಸಿದ್ಧವಾಗುವವರೆಗೆ ಸುಮಾರು ಎರಡು ತಿಂಗಳು ಇದ್ದ. ಗವರ್ನರ್ ಮನೆಯಂಗಳದ ಆಮೆ ಜೊನಾಥನ್ ದಾರಿಯಲ್ಲೇ ಸಿಗುತ್ತಾನೆ. ಮೈಸೂರು ಝೂ ಶುರುವಾಗುವುದಕ್ಕೆ ಹತ್ತು ವರ್ಷ ಮೊದಲೇ, 1882ರಲ್ಲಿ, ದೊಡ್ಡವನಾಗಿಯೇ ಬಂದವನು.

ದುಡ್ಡು: ಬ್ರಿಟಿಷ್ ಪೌಂಡ್ ನೋಟು ಸಾಕಷ್ಟು ಒಯ್ಯಿರಿ, ಎಟಿಎಂ ನಂಬಿಕೊಂಡು ಹೋಗಬೇಡಿ. ಚಿಲ್ಲರೆಯಾಗಿ ಸಿಗುವ ಸೇಂಟ್ ಹೆಲೆನಾ ಪೌಂಡ್‌ಗೂ ಅಷ್ಟೇ ಬೆಲೆ, ಆದರೆ ಬ್ರೆಜಿಲ್‌ನಲ್ಲಿ ಅದು ಬರೀ ಕಾಗದ, ಅಲ್ಲೇ ಖರ್ಚು ಮಾಡಿ. 1733ರಲ್ಲಿ ಯೆಮೆನ್‌ನಿಂದ ಬಂದ ತಳಿಯ ಕಾಫಿ ಸಿಗುತ್ತದೆ. ದುಬಾರಿ, ರುಚಿ ನೋಡಲು ಒಂದು ಲೋಟ ಸಾಕು. ತರಕಾರಿ, ಮೊಟ್ಟೆ ಬೆಳಿಗ್ಗೆ ಇಳಿದ ತಕ್ಷಣ ಕೊಂಡು, ಅಂಗಡಿಯಲ್ಲೇ ಎತ್ತಿಡಿಸಿ. ಸಂಜೆಗೆ ಉಳಿದಿರಲ್ಲ, ಭಾನುವಾರವಾದರೆ ಅಂಗಡಿಯೇ ಬಹುತೇಕ ಮುಚ್ಚಿರುತ್ತದೆ. ರಟ್ಟಿನ ಡಬ್ಬ ಮಾತ್ರ ದಡದಲ್ಲೇ ಬಿಡಿ, ಸುಕ್ಕಿನ ಸಂದಿಯಲ್ಲಿ ಜಿರಳೆ ಮೊಟ್ಟೆ ಇರುತ್ತದೆ, ಬ್ರೆಜಿಲ್ ಮುಟ್ಟುವಷ್ಟರಲ್ಲಿ ಅಡುಗೆಮನೆ ಅವುಗಳದ್ದಾಗುತ್ತದೆ.