ಎಂ.ಎಡ್. ಅರ್ಜಿ ಹಾಕೋ ಮೊದಲು ಮಕ್ಕಳ ಹತ್ತಿರ ಹೋಗಿ ಬನ್ನಿ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ನಾಲ್ಕು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾಲ್ಕೂ ಒಂದೇ ವಿಷಯದ ಸುತ್ತ ಇವೆ. ಒಂದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಕ್ಕಳಿಗೆ ಕಲಿಸುವುದು ಹೇಗೆ, ಅದಕ್ಕೆ ಏನು ಓದಬೇಕು, ಓದಿದರೆ ಮುಂದೇನು? ನಮ್ಮ ಭಾಗದಿಂದ ಇಂಥ ಪ್ರಶ್ನೆ ಬರುತ್ತಿರುವುದೇ ನನಗೆ ತುಂಬಾ ಖುಷಿ.

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನದು ಬಿ.ಎ., ಬಿ.ಎಡ್. ಆಗಿದೆ. ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ನಮ್ಮ ಅಕ್ಕನ ಮಗನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೈಕಾಲೂ ಬಿಗಿ. ಅವನನ್ನು ನೋಡುತ್ತಾ ನೋಡುತ್ತಾ ಇಂಥ ಮಕ್ಕಳಿಗೇ ಕಲಿಸಬೇಕು ಅನ್ನಿಸಿದೆ. ಬಹು ಅಂಗವೈಕಲ್ಯದಲ್ಲಿ ಎಂ.ಎಡ್. ಇದೆಯಂತೆ. ನೇರವಾಗಿ ಸೇರಬಹುದಾ?
(ಓದುಗರು, ಆಳಂದ ತಾಲ್ಲೂಕು)

ಉತ್ತರ: ನೇರವಾಗಿ ಆಗುವುದಿಲ್ಲ ತಂಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಸಾಮಾನ್ಯ ಬಿ.ಎಡ್. ಇಟ್ಟುಕೊಂಡು "ಸೀಟು ಕೊಡಿಸ್ತೀವಿ" ಅನ್ನುವವರ ಕೈಗೆ ದುಡ್ಡು ಕೊಟ್ಟು ಕೂತವರನ್ನು ನೋಡಿದ್ದೇನೆ.

ವಿಶೇಷ ಶಿಕ್ಷಣದ ಕೋರ್ಸುಗಳಿಗೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ಮಾನ್ಯತೆ ಇರಲೇಬೇಕು. 1992ರ ಕಾಯ್ದೆಯಿಂದ ಬಂದ ಸಂಸ್ಥೆ ಅದು. ವಿಶೇಷ ಶಿಕ್ಷಣದ ಎಂ.ಎಡ್. 2 ವರ್ಷದ್ದು. ಅದಕ್ಕೆ ಸೇರಲು ವಿಶೇಷ ಶಿಕ್ಷಣದ ಬಿ.ಎಡ್.ನಲ್ಲಿ ಶೇ 50 ಅಂಕ ಬೇಕು. ಇಲ್ಲವೆಂದರೆ ನಿಮ್ಮ ಹಾಗೆ ಸಾಮಾನ್ಯ ಬಿ.ಎಡ್. ಆದವರು ಅದರ ಜೊತೆಗೆ ವಿಶೇಷ ಶಿಕ್ಷಣದ ಡಿಪ್ಲೊಮಾ ಮುಗಿಸಿರಬೇಕು, ಎರಡರಲ್ಲೂ ಶೇ 50 ಇರಬೇಕು. ಮೇಲಿಂದ ಆರ್‌ಸಿಐ ನೋಂದಣಿ. ಸಿಆರ್‌ಆರ್ ನಂಬರ್ ಅಂತಾರಲ್ಲ, ಅದೇ. ಈ ನಂಬರ್ ಇಲ್ಲದೆ ವಿಶೇಷ ಶಿಕ್ಷಕಿ ಅಂತ ಕೆಲಸ ಮಾಡುವುದು ಕಾಯ್ದೆಯ ಪ್ರಕಾರ ಅಪರಾಧ, 1 ವರ್ಷದವರೆಗೆ ಜೈಲು ಅಂತಲೂ ಅದರಲ್ಲಿದೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಬಿ.ಎಡ್. ಕೋರ್ಸುಗಳ ಅವಧಿ, ಸ್ವರೂಪ ಎಲ್ಲ ಬದಲಾಗುತ್ತಿವೆ. ಅದಕ್ಕೇ ಸೇರುವ ವರ್ಷದ ಅಧಿಸೂಚನೆಯನ್ನೇ ಓದಿ. ಸೀನಿಯರ್ ಹೇಳಿದ್ದನ್ನು ನಂಬಿ ಅರ್ಜಿ ಹಾಕಬೇಡಿ.

ಎಲ್ಲಿ ಅಂತ ಕೇಳುವುದಾದರೆ, ಈ ವಿಷಯಕ್ಕೆಂದೇ ಕೇಂದ್ರ ಸರ್ಕಾರ 2005ರಲ್ಲಿ ಚೆನ್ನೈ ಹತ್ತಿರದ ಮುಟ್ಟುಕಾಡಿನಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಮಾಡಿದೆ. ಎನ್‌ಐಇಪಿಎಂಡಿ ಎಂದು ಕರೆಯುತ್ತಾರೆ. ನಮಗೆ ಹತ್ತಿರ ಅಂದರೆ ಸಿಕಂದರಾಬಾದಿನ ಎನ್‌ಐಇಪಿಐಡಿ, 1984ರದ್ದು, ಅದು ಬೌದ್ಧಿಕ ವೈಕಲ್ಯಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ. ಶ್ರವಣದೋಷಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಎಂ.ಎಡ್. ಮಟ್ಟದಲ್ಲಿ ಹೆಚ್ಚಾಗಿ ಸಿಗುವುದು ಬೌದ್ಧಿಕ ವೈಕಲ್ಯ, ಶ್ರವಣದೋಷ, ದೃಷ್ಟಿದೋಷ, ಈ ಮೂರು ವಿಭಾಗಗಳೇ. ಬಹು ಅಂಗವೈಕಲ್ಯ ಅಂತಲೇ ಹೆಸರಿರುವ ಕೋರ್ಸು ಕಡಿಮೆ. ಆರ್‌ಸಿಐ ವೆಬ್‌ಸೈಟಿನಲ್ಲಿ ಮಾನ್ಯತೆ ಪಡೆದ ಕಾಲೇಜುಗಳ ಪಟ್ಟಿ ಇರುತ್ತದೆ. ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಮಾನ್ಯತೆ ಯಾವ ವರ್ಷದವರೆಗೆ, ಮೂರನ್ನೂ ಅದರಲ್ಲಿ ನೋಡಿದ ಮೇಲೆಯೇ ಫೀಸಿನ ಮಾತು.

ಇಷ್ಟು ನಿಯಮ ಆಯಿತು. ಈಗ ನನಗೆ ನಿಜವಾಗಿ ಹೇಳಬೇಕಾಗಿರುವುದು. ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಅದಕ್ಕೆ ಸೇರಿದ ವಿಶೇಷ ಶಾಲೆ ನೋಡಿ. ಶಾಲೆ ನಡೆಯುವ ದಿನವೇ ಹೋಗಿ. ಅಲ್ಲಿ ಎರಡು ಮೂರು ತೊಂದರೆ ಒಟ್ಟಿಗೆ ಇರುವ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ಕೇಳಿ. ಒಬ್ಬರೂ ಇಲ್ಲ ಅಂದರೆ ಅಲ್ಲಿ ನೀವು ಕಲಿಯುವುದು ಪುಸ್ತಕದ ಬಹು ಅಂಗವೈಕಲ್ಯ ಅಷ್ಟೇ. ಫಿಸಿಯೋಥೆರಪಿಸ್ಟ್ ಇದ್ದಾರಾ, ಮಗುವಿಗೆ ಫಿಟ್ಸ್ ಬಂದರೆ ಯಾರು ನೋಡುತ್ತಾರೆ, ನೀವು ಪಾಠ ಮಾಡುವಾಗ ಪಕ್ಕದಲ್ಲಿ ಕೂತು ತಿದ್ದುವವರು ಯಾರು? ಒಂದು ಮಗುವಿನ ಐಇಪಿ (ಆ ಮಗುವಿಗೆಂದೇ ಬರೆದ ಕಲಿಕಾ ಯೋಜನೆ) ಫೈಲ್ ತೋರಿಸಿ ಅಂತಲೂ ಕೇಳಿ, ಹೆಸರು ಮುಚ್ಚಿಯೇ ತೋರಿಸಲಿ. ಒಬ್ಬೊಬ್ಬ ಮಗುವಿಗೂ ಬೇರೆ ಬೇರೆ ಕಲಿಕಾ ಯೋಜನೆ ಬರೆಯುವುದೇ ಈ ಕೆಲಸದ ಜೀವ. ಎಲ್ಲ ಮಕ್ಕಳ ಫೈಲಿನಲ್ಲೂ ಒಂದೇ ಗುರಿ ಕಾಪಿ ಆಗಿದ್ದರೆ ಆ ಕಾಲೇಜು ಬೇಡ.

ಇನ್ನೊಂದು ಮಾತು. ಅಕ್ಕನ ಮಗನ ಮೇಲಿನ ಪ್ರೀತಿ ದೊಡ್ಡದು, ಆದರೆ ಬೇರೆಯವರ ಮಕ್ಕಳ ಜೊತೆ ದಿನಪೂರ್ತಿ ಇರುವುದು ಬೇರೆ ಥರ. ಊಟ ಮಾಡಿಸಬೇಕು, ಬಟ್ಟೆ ಬದಲಿಸಬೇಕು, ಒಂದು ಚಮಚ ಹಿಡಿಯುವುದನ್ನು ಕಲಿಸಲು ತಿಂಗಳುಗಟ್ಟಲೆ ಕೂರಬೇಕು. ಅದಕ್ಕೇ ಬೇಸಿಗೆ ರಜೆಗೆ ಮುಂಚೆ, ಶಾಲೆಗಳು ನಡೆಯುತ್ತಿರುವಾಗಲೇ, ಕಲಬುರಗಿಯ ಯಾವುದಾದರೂ ವಿಶೇಷ ಶಾಲೆಯಲ್ಲಿ ಕೇಳಿಕೊಂಡು ಕೆಲವು ವಾರ ಸುಮ್ನೆ ಸಹಾಯಕ್ಕೆ ಹೋಗಿ. ಆಮೇಲೂ ಮನಸ್ಸು ಗಟ್ಟಿ ಇದ್ದರೆ ಡಿಪ್ಲೊಮಾಕ್ಕೋ ವಿಶೇಷ ಬಿ.ಎಡ್.ಗೋ ಅರ್ಜಿ ಹಾಕಿ. ನಿಮ್ಮ ಹತ್ತಿರ ಸಾಮಾನ್ಯ ಬಿ.ಎಡ್. ಇದೆ ಅಲ್ವಾ, ಡಿಪ್ಲೊಮಾ ಮಾಡಿದರೆ ಎಂ.ಎಡ್. ಬಾಗಿಲು ತೆರೆಯುತ್ತದೆ. ನಾನಾದರೆ ಆ ದಾರಿಯನ್ನೇ ಹಿಡಿಯುತ್ತೇನೆ. ಡಿಪ್ಲೊಮಾದಲ್ಲಿ ಚಿಕ್ಕ ಮಕ್ಕಳ ಜೊತೆ ಕೆಲಸ ಜಾಸ್ತಿ, ಕೈ ಪಳಗುವುದು ಅಲ್ಲೇ.

ಪ್ರಶ್ನೆ: ಬೌದ್ಧಿಕ ವೈಕಲ್ಯದಲ್ಲಿ ವಿಶೇಷ ಬಿ.ಎಡ್. ಮಾಡಿ ಒಂದು ಖಾಸಗಿ ವಿಶೇಷ ಶಾಲೆಯಲ್ಲಿದ್ದೇನೆ. ಸಂಬಳ ಹೇಳಿಕೊಳ್ಳುವ ಹಾಗಿಲ್ಲ, ಅದೂ ತಡವಾಗಿ ಬರುತ್ತದೆ. ಎಂ.ಎಡ್. ಮಾಡಿದರೆ ಸಂಬಳ ಜಾಸ್ತಿ ಆಗುತ್ತಾ? ಮನೆಯಲ್ಲಿ ಬೇರೆ ಕೆಲಸ ನೋಡು ಅಂತಿದ್ದಾರೆ.
(ಓದುಗರು, ಭಾಲ್ಕಿ)

ಉತ್ತರ: ತಮ್ಮಾ, ಅದೇ ಶಾಲೆಯಲ್ಲೇ ಇದ್ದರೆ ಎಂ.ಎಡ್. ಆದರೂ ಸಂಬಳ ದೊಡ್ಡದಾಗಿ ಏರುವುದಿಲ್ಲ. ಅನುದಾನದ ಮೇಲೆ ನಡೆಯುವ ಶಾಲೆಗಳಲ್ಲಿ ಶಿಕ್ಷಕರ ಗೌರವಧನ ಪದವಿ ನೋಡಿ ನಿಗದಿ ಆಗುವುದು ಕಡಿಮೆ. ಇದು ಅನ್ಯಾಯ ಅಂತ ನನಗೆ ಖಂಡಿತ ಅನ್ನಿಸುತ್ತದೆ. ಎರಡು ಮೂರು ವೈಕಲ್ಯ ಇರುವ ಮಗುವಿಗೆ ಕಲಿಸುವವನ ಕೆಲಸ ಇನ್ನೊಬ್ಬ ಶಿಕ್ಷಕನ ಕೆಲಸಕ್ಕಿಂತ ಯಾವ ಲೆಕ್ಕದಲ್ಲೂ ಚಿಕ್ಕದಲ್ಲ.

ಆದರೆ ಎಂ.ಎಡ್. ಬೇರೆ ಕಡೆ ಬಾಗಿಲು ತೆರೆಯುತ್ತದೆ. ವಿಶೇಷ ಶಿಕ್ಷಣದ ಬಿ.ಎಡ್. ಕಾಲೇಜುಗಳಲ್ಲಿ ಪಾಠ ಮಾಡಲು ಅದು ಬೇಕೇ ಬೇಕು. ಜೊತೆಗೆ ಶಿಕ್ಷಣ ವಿಷಯದಲ್ಲಿ ನೆಟ್ ಪಾಸಾದರೆ ಇನ್ನೂ ಒಳ್ಳೆಯದು. ನಮ್ಮ ಮೂರು ಜಿಲ್ಲೆಗಳಿಗೆ ಇಂಥ ಉಪನ್ಯಾಸಕರು ಬೇಕಾಗಿದ್ದಾರೆ. ಇಲ್ಲಿನ ಮಕ್ಕಳ ಮನೆಮಾತು ಒಂದೇ ಅಲ್ಲ. ಬೀದರಿನಲ್ಲಿ ಒಂದೇ ತರಗತಿಯೊಳಗೆ ಕನ್ನಡ, ದಖನಿ, ಮರಾಠಿ, ತೆಲುಗು ಮನೆಗಳ ಮಕ್ಕಳು ಕೂತಿರುತ್ತಾರೆ. ಮಾತೇ ಬಾರದ ಮಗುವಿಗೆ ಚಿತ್ರದ ಕಾರ್ಡು ಮಾಡುವಾಗ ಅವರ ಮನೆಯಲ್ಲಿ ನೀರಿಗೆ ಏನಂತಾರೆ, ಅಮ್ಮನಿಗೆ ಏನಂತಾರೆ ಅನ್ನುವುದು ಗೊತ್ತಿರಬೇಕಾಗುತ್ತದೆ. ಹೊರಗಿನಿಂದ ಬಂದವರಿಗೆ ಅದು ಗೊತ್ತಾಗಲು ವರ್ಷ ಬೇಕು, ನಿಮಗೆ ಹುಟ್ಟಿನಿಂದಲೇ ಗೊತ್ತು.

ಇನ್ನು ಸರ್ಕಾರಿ ಹುದ್ದೆ. ಸುಪ್ರೀಂ ಕೋರ್ಟು 2021ರಲ್ಲಿ ವಿಶೇಷ ಶಿಕ್ಷಕರ ವಿಷಯದಲ್ಲಿ ಒಂದು ತೀರ್ಪು ಕೊಟ್ಟಿದೆ. ಪ್ರತ್ಯೇಕ ನಿಯಮ ಬರುವವರೆಗೆ ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಅಂತ ಅದರಲ್ಲಿ ಹೇಳಿತು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು) ಇರುವ 8 ಮಕ್ಕಳಿಗೆ ಒಬ್ಬರು, ಬೌದ್ಧಿಕ ವೈಕಲ್ಯ, ಆಟಿಸಂ ಇರುವ 5 ಮಕ್ಕಳಿಗೆ ಒಬ್ಬರು, ಕಿವುಡು ಕುರುಡು ಎರಡೂ ಇರುವ ಅಥವಾ ಎರಡು ಮೂರು ವೈಕಲ್ಯ ಸೇರಿರುವ ಮಕ್ಕಳಾದರೆ 2 ಮಕ್ಕಳಿಗೆ ಒಬ್ಬರು. ಆ ಕೊನೆಯ ಲೆಕ್ಕವನ್ನು ಇನ್ನೊಮ್ಮೆ ಓದಿ. ಇಬ್ಬರಿಗೆ ಒಬ್ಬ ಶಿಕ್ಷಕ! 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು, ರಾಜ್ಯಗಳು ವಿಶೇಷ ಶಿಕ್ಷಕರ ಹುದ್ದೆಗಳನ್ನು ಗುರುತಿಸಿ ಪ್ರಕಟಿಸಬೇಕು ಅಂತ ಮತ್ತೆ ಆದೇಶ ಮಾಡಿತು. ಆದೇಶ ಬಂದ ಮಾತ್ರಕ್ಕೆ ನಾಳೆಯೇ ನೇಮಕಾತಿ ಅಂತ ನಾನು ಆಸೆ ಹುಟ್ಟಿಸುವುದಿಲ್ಲ. ಆದರೆ ಕರೆದ ದಿನ ನಿಮ್ಮ ಕಾಗದಪತ್ರ ಸಿದ್ಧ ಇರಬೇಕು. ಸಿಆರ್‌ಆರ್ ನಂಬರ್ 5 ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ಅದಕ್ಕೆ ಸಿಆರ್‌ಇ (ಮುಂದುವರಿದ ಪುನರ್ವಸತಿ ಶಿಕ್ಷಣ) ತರಬೇತಿಗಳ ಅಂಕ ಬೇಕು. ಕೊನೆಯ ವರ್ಷಕ್ಕೆ ಬಿಡದೆ ಈಗಿನಿಂದಲೇ ಮಾಡಿಕೊಂಡು ಬನ್ನಿ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ಮಾಡಿಸದಿದ್ದರೆ ಅದನ್ನೂ ಮಾಡಿಸಿ. ರಾಜ್ಯದ ನೇಮಕಾತಿಗೂ ರಾಜ್ಯದ ಕಾಲೇಜಿನ ಸೀಟಿಗೂ ಅದು ಬರುತ್ತದೆ, ಕೇಂದ್ರದ ಸಂಸ್ಥೆಗಳಲ್ಲಿ ಬರುವುದಿಲ್ಲ.

ಮನೆಯವರ ಮಾತನ್ನು ತಳ್ಳಿಹಾಕಬೇಡಿ, ಹೊಟ್ಟೆಪಾಡೂ ಮುಖ್ಯ. ಆದರೂ ಭಾಲ್ಕಿಯಿಂದ ಹೈದರಾಬಾದ್ ಎಷ್ಟು ದೂರ? ನಮ್ಮ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಹಿಂದಿಯೂ ನಿಮಗೆ ಬರುತ್ತದೆ. ಸಿಕಂದರಾಬಾದಿಗೆ ಒಮ್ಮೆ ಹೋಗಿ ವಿಚಾರಿಸಿಕೊಂಡು ಬಂದು, ಆಮೇಲೆ ಮನೆಯಲ್ಲಿ ಕೂತು ಮಾತಾಡಿ.

ಪ್ರಶ್ನೆ: ನಮ್ಮ ಅಣ್ಣ ಅಮೆರಿಕದಲ್ಲಿದ್ದಾನೆ. ಅಲ್ಲೇ ಬಂದು ಈ ವಿಷಯದಲ್ಲಿ ಮಾಸ್ಟರ್ಸ್ ಮಾಡು, ಆನ್‌ಲೈನಿನಲ್ಲೂ ಆಗುತ್ತೆ ಅಂತಾನೆ. ವಾಪಸ್ ಬಂದು ಇಲ್ಲಿ ಕಲಿಸಬಹುದಾ?
(ಓದುಗರು, ಯಾದಗಿರಿ)

ಉತ್ತರ: ಅಲ್ಲಿನ ಕೋರ್ಸುಗಳು ಚೆನ್ನಾಗಿವೆ. ನ್ಯೂಯಾರ್ಕಿನ ಹಂಟರ್ ಕಾಲೇಜಿನಲ್ಲಿ ತೀವ್ರ ಮತ್ತು ಬಹು ಅಂಗವೈಕಲ್ಯಕ್ಕೆಂದೇ ಮಾಸ್ಟರ್ಸ್ ನಡೆದುಕೊಂಡು ಬಂದಿದೆ. ಆದರೆ ಅಲ್ಲಿ ಶಿಕ್ಷಕರ ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಕೋರ್ಸಿನ ಪಾಠವೂ ಆ ಲೈಸೆನ್ಸಿಗೆ ತಕ್ಕ ಹಾಗೆ ಇರುತ್ತದೆ. ವಾಪಸ್ ಬಂದ ಮೇಲೆ ಆರ್‌ಸಿಐ ಆ ಪದವಿಯನ್ನು ಒಪ್ಪಿ ನೋಂದಣಿ ಕೊಡಬೇಕು. ಅದು ತಾನಾಗಿಯೇ ಆಗುವುದಿಲ್ಲ. ಕಾನೂನೂ ಒಂದೇ ಥರ ಇಲ್ಲ. ಅಮೆರಿಕದಲ್ಲಿ ವಿಶೇಷ ಶಿಕ್ಷಣಕ್ಕೆ ಇರುವ ಐಡಿಯಾ ಕಾಯ್ದೆ ಕಿವುಡು ಕುರುಡು ಎರಡೂ ಇರುವ ಮಕ್ಕಳನ್ನು ಬಹು ಅಂಗವೈಕಲ್ಯದಿಂದ ಹೊರಗೆ, ಬೇರೆ ವರ್ಗವಾಗಿ ಇಡುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಅವೆರಡೂ ಒಟ್ಟಿಗೆ ಇವೆ. ಆನ್‌ಲೈನ್ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ. ಈ ಮಕ್ಕಳಿಗೆ ಕಲಿಸುವುದನ್ನು ಪರದೆ ನೋಡಿ ಕಲಿಯಲು ಆಗುವುದಿಲ್ಲ. ಮೊದಲು ಇಲ್ಲಿ ವಿಶೇಷ ಬಿ.ಎಡ್. ಮಾಡಿ, ಸಿಆರ್‌ಆರ್ ನಂಬರ್ ತೆಗೆದುಕೊಳ್ಳಿ. ಹೊರದೇಶ ಆಮೇಲೆ.

ಪ್ರಶ್ನೆ: ನಮ್ಮ ಮಗಳಿಗೆ 8 ವರ್ಷ. ಕಣ್ಣು ಸ್ವಲ್ಪ ಕಾಣುತ್ತೆ, ಕಿವಿ ಕೇಳಲ್ಲ, ನಡೆಯೋಕೂ ಆಗಲ್ಲ. ಶಾಲೆಯವರು ಇಂಥ ಮಗುವಿಗೆ ಕಲಿಸೋರು ನಮ್ಮಲ್ಲಿ ಇಲ್ಲ ಅಂದರು. ಅಷ್ಟೆಲ್ಲ ಓದಿದ ಟೀಚರ್ ನಮ್ಮ ಸುರಪುರಕ್ಕೆ ಯಾವಾಗ ಬರ್ತಾರೆ? ಅಲ್ಲಿವರೆಗೆ ನಾನೇನು ಮಾಡಲಿ?
(ಒಬ್ಬ ತಾಯಿ, ಸುರಪುರ ತಾಲ್ಲೂಕು)

ಉತ್ತರ: ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ ಅಕ್ಕಾ. ಮೇಲಿನ ಮೂರೂ ಉತ್ತರ ಬರೆದದ್ದು ನಿಮ್ಮ ಮಗಳಂಥ ಮಕ್ಕಳಿಗಾಗಿಯೇ.

ಶಾಲೆಯವರು ಇಲ್ಲ ಅನ್ನುವ ಹಾಗಿಲ್ಲ. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ನಿಮ್ಮ ಮಗಳ ಹಕ್ಕು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ ಬಹು ಅಂಗವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯೂ ಇದೆ. ಅದಕ್ಕೆ ಗೃಹಾಧಾರಿತ ಶಿಕ್ಷಣ ಅಂತಾರೆ. ತಾಲ್ಲೂಕಿನ ಬಿಆರ್‌ಸಿ (ಶಾಲೆಗಳ ಸಂಪನ್ಮೂಲ ಕೇಂದ್ರ) ಕಚೇರಿಯಲ್ಲಿ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕೇಳಿ. ಆದರೆ ಮನೆಯಲ್ಲೇ ಇರಲಿ ಬಿಡಿ ಅಂತ ಶಾಲೆಯವರು ಕೈ ತೊಳೆದುಕೊಳ್ಳಲು ಬಿಡಬೇಡಿ. ಅದು ನೀವು ಆರಿಸಿಕೊಳ್ಳುವುದು, ಅವರು ಹೇರುವುದಲ್ಲ. ಶಾಲೆಯ ದಾಖಲಾತಿಯಲ್ಲಿ ಅವಳ ಹೆಸರು ಇರಲೇಬೇಕು.

ಇವತ್ತಿನಿಂದಲೇ ಮನೆಯಲ್ಲಿ ಮಾಡಬಹುದಾದದ್ದು ಹೇಳುತ್ತೇನೆ. ಮೊದಲು ಕೂರಿಸುವುದು. ಮೂಲೆಯಲ್ಲಿ ಗೋಡೆಗೆ ಒರಗಿಸಿ, ಎರಡೂ ಪಕ್ಕ ಕೌದಿ ಸುತ್ತಿ ಇಡಿ. ಸೊಂಟ ಜಾರದ ಹಾಗೆ ಮಂಡಿ ಕೆಳಗೂ ಒಂದು ಸುತ್ತಿದ ಬಟ್ಟೆ. ಬೀಳುವ ಭಯ ಹೋದರೆ ಕೈ ತಾನಾಗಿ ಮುಂದೆ ಬರುತ್ತದೆ. ಆಮೇಲೆ, ಏನು ಮಾಡುವುದಕ್ಕೂ ಮೊದಲು ಅದರ ಒಂದು ವಸ್ತುವನ್ನು ಅವಳ ಕೈಗೆ ಕೊಡಿ. ನೀರು ಕುಡಿಸುವ ಮುಂಚೆ ಅವಳದೇ ಚಿಕ್ಕ ಸ್ಟೀಲ್ ಲೋಟ. ಸ್ನಾನಕ್ಕೆ ಮುಂಚೆ ಸೋಪಿನ ಡಬ್ಬಿ. ದಿನಾ ಅದೇ ಲೋಟ, ಅದೇ ಡಬ್ಬಿ ಇರಲಿ. ಕೈಯಲ್ಲಿ ಲೋಟ ಬಂತು ಅಂದರೆ ನೀರು ಬರುತ್ತೆ ಅಂತ ಅವಳಿಗೆ ಗೊತ್ತಾಗುವುದು ತಡ ಆಗಬಹುದು, ಆದರೆ ಗೊತ್ತಾದ ಮೇಲೆ ಬಾಯಾರಿದಾಗ ಲೋಟವನ್ನು ಅವಳೇ ತಡಕಾಡುತ್ತಾಳೆ. ಅದು ಅವಳ ಮಾತು, ತಕ್ಷಣ ನೀರು ಕೊಡಿ.

ರೊಟ್ಟಿ ಮುರಿಯುವುದು ಕಲಿಸುವಾಗ ಅವಳ ಕೈಯನ್ನು ಮೇಲಿನಿಂದ ಹಿಡಿದು ಎಳೆಯಬೇಡಿ. ನಿಮ್ಮ ಕೈ ಅವಳ ಕೈಯ ಕೆಳಗೆ ಇರಲಿ. ನೀವು ಮುರಿಯುವುದನ್ನು ಅವಳು ಮೇಲಿನಿಂದ ಮುಟ್ಟಿ ನೋಡಲಿ, ಬೇಡ ಅನ್ನಿಸಿದರೆ ತೆಗೆದುಕೊಳ್ಳಲಿ. ಹಾಗೆ ಮಾಡಿದರೆ ಅವಳು ಹೆದರುವುದಿಲ್ಲ. ಹತ್ತಿರ ಬಂದಾಗ ನೀವು ಯಾರು ಅಂತ ತಿಳಿಯಲು ನಿಮ್ಮ ಬಳೆಯನ್ನೋ ಅವಳ ಅಪ್ಪನ ಗಡಿಯಾರವನ್ನೋ ಮುಟ್ಟಿಸಿ. ಕಿಟಕಿಯ ಬೆಳಕು ಅವಳ ಬೆನ್ನ ಹಿಂದೆ ಇರಲಿ, ಕಣ್ಣಿಗೆ ಹೊಡೆಯದಿರಲಿ. ಆಗ ಉಳಿದಿರುವ ದೃಷ್ಟಿಗೆ ವಸ್ತು ಚೆನ್ನಾಗಿ ಕಾಣುತ್ತದೆ. ಊಟದ ಹೊತ್ತಿಗೆ ಕೆಮ್ಮು ಜಾಸ್ತಿ ಇದ್ದರೆ, ಫಿಟ್ಸ್ ಬರುತ್ತಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಅದರಲ್ಲಿ ಒಂದೇ ವೈಕಲ್ಯ ಬರೆಸಿ ಬಿಡಬೇಡಿ. ಕಣ್ಣು, ಕಿವಿ, ನಡಿಗೆ ಮೂರನ್ನೂ ತಪಾಸಣೆ ಮಾಡಿಸಿ, ಬಹು ಅಂಗವೈಕಲ್ಯ ಅಂತಲೇ ಬರಬೇಕು. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಅರ್ಜಿ ತುಂಬಿಕೊಡುತ್ತಾರೆ. ಬಿಆರ್‌ಸಿಗೆ ಹೋಗುವಾಗ ಬಾಯಿಮಾತಲ್ಲಿ ಮುಗಿಸಬೇಡಿ. ಮಗಳಿಗೆ ಶಾಲೆಯಲ್ಲಿ ದಾಖಲಾತಿ ಮತ್ತು ವಿಶೇಷ ಶಿಕ್ಷಕರ ಭೇಟಿ ಬೇಕು ಅಂತ ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದನ್ನು ಕೊಟ್ಟು ಇನ್ನೊಂದಕ್ಕೆ ತಾರೀಖು, ಸೀಲು ಹಾಕಿಸಿಕೊಂಡು ಬನ್ನಿ.